ಹನ್ನೊಂದನೆಯ ದೂರು

ಪಟ್ಟಿಯಲ್ಲಿ ಹದಿನಾಲ್ಕು ದೂರುಗಳಿದ್ದವು. ಅವುಗಳಲ್ಲಿ ಹನ್ನೊಂದನೆಯದು ಶುದ್ಧ ಸುಳ್ಳು ಎಂಬುದು ಲೈಬ್ರರಿಯನ್ ಒಬ್ಬಳಿಗೇ ಗೊತ್ತಿತ್ತು. ಬರೆದವಳೇ ಅವಳು.

ಉಳಿದವೆಲ್ಲ ನಿಜ. ಲೈಬ್ರರಿಯ ವೆಬ್‌ಸೈಟಿನಲ್ಲಿ ಪುಸ್ತಕಗಳ ಪಟ್ಟಿಯನ್ನು ಸದಸ್ಯರಲ್ಲದವರೂ ನೋಡಬಹುದು. ಆದರೆ ಒಂದು ತಿಂಗಳಿಂದ ಅದಕ್ಕೇನೋ ಬಡಿದಿತ್ತು. ಒಮ್ಮೆ ಪಟ್ಟಿ ತೆರೆದುಕೊಳ್ಳುತ್ತಿತ್ತು, ಇನ್ನೊಮ್ಮೆ ಬಂದವರನ್ನು ಸೀದಾ ಲಾಗಿನ್ ಪುಟಕ್ಕೆ ಅಟ್ಟುತ್ತಿತ್ತು. ಪಾಸ್‌ವರ್ಡೇ ಇಲ್ಲದವರು ಅಲ್ಲಿ ಏನು ಮಾಡಬೇಕು? ಫೋನ್ ಮಾಡಿ ಇವಳನ್ನು ಬೈಯುತ್ತಿದ್ದರು.

ಅದನ್ನು ಸರಿಮಾಡಲು ಬರುತ್ತಿದ್ದ ಎಂಜಿನಿಯರ್‌ಗೆ ಮಾತು ಕಡಿಮೆ. ಯೋಚಿಸುವಾಗ ಪೆನ್ನಿನ ಮುಚ್ಚಳ ಕಚ್ಚುವ ಅಭ್ಯಾಸ. ಅವಳು ನೋಡಿದಳೆಂದು ಗೊತ್ತಾದರೆ ಸಾಕು, ಮುಚ್ಚಳ ಜೇಬಿಗೆ ಸೇರುತ್ತಿತ್ತು, ಕಿವಿ ಕೆಂಪಾಗುತ್ತಿತ್ತು.

ಹತ್ತನೆಯ ದೂರಿನ ನಂತರ ಒಂದು ವಾರ ಯಾರೂ ದೂರಲಿಲ್ಲ, ಅವನೂ ಬರಲಿಲ್ಲ. ಅವಳಿಗೆ ಊಟ ಸೇರಲಿಲ್ಲ. "ವೆಬ್‌ಸೈಟು ಯಾವಾಗ ಕೆಡತ್ತೋ ಅಂತ ಕಾಯ್ತಾ ಕೂತಿದ್ದೀಯೇನೇ?" ಎಂದು ಅತ್ತಿಗೆ ಕಾಲೆಳೆದಳು. ಮರುದಿನವೇ ಲೈಬ್ರರಿಯನ್ ತೋಚಿದ ದಿನ, ತೋಚಿದ ಗಂಟೆ ಹಾಕಿ ಒಂದು ದೂರು ಬರೆದುಬಿಟ್ಟಳು: ಭಾನುವಾರ, ಮಧ್ಯಾಹ್ನ ಮೂರು. ಅವನು ಬಂದ.

ಇವತ್ತು ಕೊನೆಯ ದಿನ. ಐದರೊಳಗೆ ತೊಂದರೆಯ ಮೂಲ ಸಿಗದಿದ್ದರೆ ಕೆಲಸ ಬೇರೆ ಕಂಪನಿಗೆ ಎಂದು ಮೇಲಧಿಕಾರಿ ಕಡ್ಡಿ ಮುರಿದಂತೆ ಹೇಳಿದ್ದರು. ಆಗಲೇ ನಾಲ್ಕು ಹೊಡೆದಿತ್ತು. ಎಂಜಿನಿಯರ್‌ನ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

ತನ್ನ ಊಹೆಯನ್ನು ಅವನು ಅವಳಿಗೆ ಬಿಡಿಸಿ ಹೇಳಿದ. ಸಿಬ್ಬಂದಿ ಯಾರಾದರೂ ಲಾಗೌಟ್ ಆದರೆ ಸೈಟು ಅವರನ್ನು ಲಾಗಿನ್ ಪುಟಕ್ಕೆ ಕಳಿಸುತ್ತದೆ. ಆ ಪುಟವನ್ನೇ ಹತ್ತು ನಿಮಿಷ ನೆನಪಿಟ್ಟುಕೊಂಡು, ಆಮೇಲೆ ಬಂದ ಲಾಗಿನ್ ಆಗದವರಿಗೂ ಅದನ್ನೇ ಕೊಡುತ್ತಿರಬೇಕು. ದೂರುಗಳೆಲ್ಲ ಇದಕ್ಕೆ ಹೊಂದುತ್ತಿದ್ದವು, ಒಂದನ್ನು ಬಿಟ್ಟು.

"ಭಾನುವಾರ ಲೈಬ್ರರಿಗೆ ರಜೆ ಮೇಡಂ. ಯಾರೂ ಲಾಗಿನ್ನೇ ಆಗಿಲ್ಲ. ಅಂದ್ಮೇಲೆ ನಾನು ಅಂದ್ಕೊಂಡಿದ್ದೇ ತಪ್ಪು. ಎಂಟು ದಿನದಿಂದ ಇದೊಂದೇ ತಲೆ ತಿಂತಿದೆ."

ಅದು ತನ್ನದೇ ದೂರು ಎಂದು ಅವಳಿಗೆ ಹೊಳೆಯಿತು. ಸುಮ್ಮನಿದ್ದರೆ ಅವನ ಕೆಲಸ ಹೋಗುತ್ತದೆ. ಹೇಳಿದರೆ ತನ್ನ ಮಾನವೂ ಹೋಗುತ್ತದೆ, ಅವನೂ ಹೋಗುತ್ತಾನೆ.

"ಹನ್ನೊಂದನೇದು ಸುಳ್ಳು. ನಾನೇ ಬರೆದದ್ದು."

"ಯಾಕೆ?"

"ನೀವು ಬರಲಿ ಅಂತ."

ಅವನು ಅವಳನ್ನೇ ನೋಡಿದ. ಸಿಟ್ಟಿತ್ತು, ಸಿಟ್ಟಿಗಿಂತ ಹೆಚ್ಚು ನೋವಿತ್ತು. "ಒಂದು ಫೋನ್ ಮಾಡಿದ್ರೆ ಬರ್ತಿದ್ದೆ," ಎಂದಷ್ಟೇ ಹೇಳಿ ಕೀಬೋರ್ಡಿನತ್ತ ತಿರುಗಿದ.

ಬೈದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು. ಆ ಮಾತಿಗೆ ಕಣ್ಣು ತುಂಬಿ ಬಂತು. ಎದ್ದು ಹೋಗಿ, ಸರಿಯಾಗಿಯೇ ಇದ್ದ ಪುಸ್ತಕಗಳನ್ನು ಮತ್ತೆ ಜೋಡಿಸತೊಡಗಿದಳು.

ಸರಿಮಾಡಲು ಅವನಿಗೆ ಇಪ್ಪತ್ತು ನಿಮಿಷ ಸಾಕಾಯಿತು. ಅವಳು ಲಾಗೌಟ್ ಆದಳು, ಅವನು ತನ್ನ ಫೋನಿನಲ್ಲಿ ಲಾಗಿನ್ ಆಗದೆಯೇ ಸೈಟು ತೆರೆದ. ಹತ್ತು ಸಲವೂ ಪುಸ್ತಕದ ಪಟ್ಟಿಯೇ ಬಂತು. ಇಬ್ಬರಲ್ಲಿ ಯಾರೂ ನಗಲಿಲ್ಲ.

ಇನ್ನು ಉಳಿದಿದ್ದು ಕೊನೆಯ ವರದಿ. ಪ್ರತಿ ದೂರಿನ ಮುಂದೆ ಕಾರಣ ಬರೆದು ಇಬ್ಬರೂ ಸಹಿ ಹಾಕಬೇಕು. ಹದಿಮೂರು ಸಾಲಿಗೆ ಒಂದೇ ಕಾರಣ. ಹನ್ನೊಂದನೆಯದರ ಮುಂದೆ ಅವನ ಪೆನ್ನು ನಿಂತಿತು, ಮುಚ್ಚಳ ಬಾಯಿಗೆ ಹೋಯಿತು.

"ನಿಜಾನೇ ಬರೀರಿ," ಎಂದಳು ನೆಲ ನೋಡುತ್ತಾ.

ಅವನು ಬರೆದು ಹಾಳೆಯನ್ನು ಅವಳ ಮುಂದೆ ಸರಿಸಿದ. 'ಇನ್ನೂ ಬಗೆಹರಿದಿಲ್ಲ. ಮತ್ತೆ ಬಂದು ನೋಡಬೇಕು. ಭಾನುವಾರ, ಮಧ್ಯಾಹ್ನ ಮೂರು.'

ಅವಳು ಎರಡು ಸಲ ಓದಿದಳು. "ಅವತ್ತು ಲೈಬ್ರರಿಗೆ ರಜೆ," ಎಂದಳು.

"ಗೊತ್ತು. ಸಿಟ್ಟು ಇನ್ನೂ ಇಳಿದಿಲ್ಲ," ಎಂದ ಅವನು. "ಆದ್ರೂ ಬರ್ತೀನಿ."

ಅವಳು ತಲೆಯೆತ್ತಿ ನೋಡಿದಳು. ಅವನ ಕಿವಿ ಕೆಂಪಾಗಿತ್ತು, ಆದರೆ ಈ ಸಲ ಅವನು ಮುಚ್ಚಳವನ್ನು ಜೇಬಿಗೆ ಹಾಕಲಿಲ್ಲ.