ತಾನಾಗಿಯೇ ಬಂದ ಫೈಲು

ಬುಧವಾರ ಬೆಳಿಗ್ಗೆ ಹತ್ತೂವರೆಗೆ ನೀರು ಸರಬರಾಜು ಕಚೇರಿಯ ಮುಖ್ಯಸ್ಥರು ಠಾಣೆಗೆ ಬಂದು ದೂರು ಕೊಟ್ಟರು. ಪ್ರಯೋಗಾಲಯದ ಗೋಪ್ಯ ವರದಿ ಕಳುವಾಗಿ, ಒಂದು ಬಡಾವಣೆಯ ಮನೆಮನೆಗೆ ಅದರ ಪ್ರತಿ ತಲುಪಿತ್ತು. ವರದಿಯಲ್ಲಿ ಏನಿದೆಯೆಂದು ಇನ್‌ಸ್ಪೆಕ್ಟರ್ ಕೇಳಿದ್ದಕ್ಕೆ, ಅದು ತನಿಖೆಗೆ ಬೇಕಿಲ್ಲ ಎಂದರು. ಎಫ್‌ಐಆರ್ ದಾಖಲಾಯಿತು.

ಸಿಕ್ಕ ಪ್ರತಿಯ ಒಂದೊಂದು ಸಾಲಿನಲ್ಲೂ ಅಕ್ಷರಗಳನ್ನು ಅಡ್ಡ ಸೀಳಿದಂತೆ ಕೂದಲೆಳೆಯಷ್ಟು ಬಿಳಿ ಗೆರೆಯಿತ್ತು. ಅಂಥದೇ ಗೆರೆ ಬಿಡುವ ಪ್ರಿಂಟರ್ ಅದೇ ಬಡಾವಣೆಯ ಟೈಪಿಸ್ಟ್ ಒಬ್ಬಳ ಮನೆಯಲ್ಲಿತ್ತು. ವರದಿ ಆಕೆಯ ಕಂಪ್ಯೂಟರಿನಲ್ಲೇ ಇತ್ತು. ಇನ್‌ಸ್ಪೆಕ್ಟರ್ ಓದಿದರು: ನಲ್ಲಿ ನೀರಿನಲ್ಲಿ ಸೀಸ, ಗರ್ಭದ ಮಗುವಿಗೆ ಅಪಾಯ. ಆಕೆ ತುಂಬು ಬಸುರಿ. ಪಂಚನಾಮೆಗೆ ಮುಂಚೆ ಹೆಡ್ ಕಾನ್‌ಸ್ಟೆಬಲ್ ತಾವೇ ಕುರ್ಚಿ ಎಳೆದುಕೊಟ್ಟರು.

“ಯಾರು ಕೊಟ್ರು?”

“ಯಾರೂ ಇಲ್ಲ ಸಾರ್. ತಾನಾಗೇ ಬಂತು.”

“ಫೈಲಿಗೆ ಕಾಲಿದೆಯಾ ತಾಯಿ?” ಎಂದರು ಹೆಡ್ ಕಾನ್‌ಸ್ಟೆಬಲ್.

ಇಂಟರ್ನೆಟ್ ಇನ್ನೂ ಬರದ ದಿನಗಳು. ಆಕೆಗೆ ಟೈಪಿಂಗ್ ಕೆಲಸ ಬರುತ್ತಿದ್ದುದು ಬುಲೆಟಿನ್ ಬೋರ್ಡಿನಿಂದ: ಇನ್ನೊಬ್ಬರ ಮನೆಯ ಕಂಪ್ಯೂಟರಿಗೆ ಫೋನಿನಲ್ಲಿ ಕರೆ ಮಾಡಿ ಫೈಲು ಇಳಿಸಿಕೊಳ್ಳುವುದು. ಸೋಮವಾರ ಕರೆ ಮಾಡಿದಾಗ, ಏನೂ ಕೇಳದೆಯೇ ವರದಿ ಇಳಿಯತೊಡಗಿತ್ತು. ಓದಿ ಹೆದರಿ, ನೆರೆಹೊರೆಗೂ ಅಚ್ಚು ಹಾಕಿ ಕೊಟ್ಟಿದ್ದಳು. ಇನ್‌ಸ್ಪೆಕ್ಟರ್ ನಂಬಲಿಲ್ಲ. ಕಳ್ಳತನ ಆಕೆಯ ತಲೆಗೇ ಬಂದು, ಹೆರಿಗೆ ಜೈಲಿನಲ್ಲಾಗುವಂತಿತ್ತು.

ಮೂರು ಗಂಟೆಗೆ ಕಂಪ್ಯೂಟರ್ ರಿಪೇರಿಯವನು ಬಂದು ಪರೀಕ್ಷಿಸಿದ. ಹಳೆಯ ವಿಧಾನದಲ್ಲಿ ಫೈಲು ಇಳಿಸಿಕೊಳ್ಳುವವರೇ ಮೊದಲು ಕೇಳಬೇಕು. ಅಲ್ಲಿಯವರೆಗೆ ಆ ಕಡೆಯದು ಕಾಯುತ್ತದೆ. ಹೊಸದರಲ್ಲಿ ಆ ಕಡೆಯಿಂದ ಸಂಕೇತ ಬಂದರೆ ಸಾಕು, ಈ ಕಡೆಯದು ತಾನೇ ಬಾಯಿ ತೆರೆದು ಫೈಲು ತೆಗೆದುಕೊಳ್ಳುತ್ತದೆ. ಇಲ್ಲಿರುವುದು ಹೊಸದು. ಕೇಳದೆ ಕಳಿಸಬಲ್ಲವನು ಬೋರ್ಡ್ ನಡೆಸುವವನೊಬ್ಬನೇ ಎಂದ.

ಟೈಪಿಸ್ಟಳ ಮುಖ ಅರಳಿತು. “ನಾನು ಹೇಳಿದ್ದೂ ಅದೇ ಸಾರ್. ಹಳೇದ್ರಲ್ಲಿ ನಾನು ಗುಂಡಿ ಒತ್ತೋದು ತಡ ಆಗಿ, ಆ ಕಡೆಯದು ಕಾದು ಕಾದು ಬಿಟ್ಬಿಡೋದು. ಅದಕ್ಕೇ ನಮ್ಮಣ್ಣ ಹೊಸದು ಹಾಕ್ಕೊಟ್ಟ. ‘ಇನ್ಮೇಲೆ ನೀನು ಸುಮ್ನೆ ಕೂತಿರು, ನಾನೇ ಕಳಿಸ್ತೀನಿ’ ಅಂತ…”

ಮಾತು ಅರ್ಧಕ್ಕೇ ನಿಂತಿತು.

“ಬೋರ್ಡ್ ಯಾರದಮ್ಮ?”

ಆಕೆ ಎರಡೂ ಕೈಗಳನ್ನು ಬೇಡಿಗೆಂಬಂತೆ ಮುಂದೆ ಚಾಚಿದಳು. “ನಾನೇ ಕದ್ದೆ ಅಂತ ಬರ್ಕೊಳ್ಳಿ ಸಾರ್.”

ಬರೆದುಕೊಳ್ಳುವಂತಿರಲಿಲ್ಲ. ಸಂಜೆ ಐದಕ್ಕೆ ಅಣ್ಣನನ್ನು ಬಂಧಿಸಿದರು. ಬೋರ್ಡ್ ಅವನದೇ; ಅದೇ ಪ್ರಯೋಗಾಲಯದ ಸಹಾಯಕ ಅವನು. ಆ ನೀರು ಕುಡಿಯಬೇಡಿರೆಂದು ಹಿಂದೆಯೇ ಹೇಳಿದಾಗ, ತಂಗಿಯ ಗಂಡ ನಕ್ಕು, ಕಾಗದದ ಮೇಲೆ ತೋರಿಸು ಎಂದಿದ್ದನಂತೆ. ಜೀಪು ಹತ್ತುವಾಗ ಅವನು ಕೇಳಿದ್ದು ಒಂದೇ: “ತಂಗಿ ಆ ನೀರು ಬಿಟ್ಟಳಾ ಸಾರ್?”

ಹಂಚಿದ ಪ್ರತಿಗಳೂ ಕಳವಿನ ಮಾಲೇ. ಹೆಡ್ ಕಾನ್‌ಸ್ಟೆಬಲ್ ಮನೆಮನೆ ಸುತ್ತಿ ಅವನ್ನು ವಶಪಡಿಸಿಕೊಂಡರು. ಬೀದಿ ನಲ್ಲಿಯ ಮುಂದೆ ಕೊಡಗಳು ಸಾಲುಗಟ್ಟಿದ್ದವು. ಸಾಲಿನಲ್ಲಿ ಟೈಪಿಸ್ಟಳ ಗಂಡನೂ ನಿಂತಿದ್ದ. ಜೇಬಿನಿಂದ ಮಡಿಸಿದ ಪ್ರತಿ ತೆಗೆದು ಕೊಟ್ಟ.

“ಓದಿದೆ ಸಾರ್,” ಎಂದ. “ಬೇರೆ ನೀರೆಲ್ಲಿದೆ?”

ಸಾಲು ಮುಂದೆ ಸರಿಯಿತು. ಅವನು ಕೊಡ ನಲ್ಲಿಯಡಿ ಇಟ್ಟ.