ಆಯ್ತವಾರದ ಮದ್ದು

2025ರ ಫೆಬ್ರುವರಿ 15, ಶನಿವಾರ, ಮಧ್ಯಾಹ್ನ 2 ಗಂಟೆ 10 ನಿಮಿಷ. ಕಾರವಾರದ ಠಾಣೆಗೆ ದೂರು ಬಂದಾಗ ಇನ್‌ಸ್ಪೆಕ್ಟರ್ ರಾಮನಾಥ ಆಗಷ್ಟೇ ಬಂಗಡೆ ಸಾರಿನ ಊಟ ಮುಗಿಸಿ ಕುರ್ಚಿಗೆ ಒರಗಿದ್ದರು. ರಾಮನಾಥರೆಂದರೆ ಸಾಮಾನ್ಯರಲ್ಲ. ಅವರೊಮ್ಮೆ ಕೆಮ್ಮಿದರೆ ಸಾಕು, ಬಿಣಗಾದಿಂದ ಗೋವಾ ಗಡಿಯವರೆಗಿನ ಕಳ್ಳರೆಲ್ಲ ಕದ್ದ ಮಾಲನ್ನು ಠಾಣೆಯ ಮೆಟ್ಟಿಲ ಮೇಲಿಟ್ಟು, ಕೈಮುಗಿದು ಹೋಗುತ್ತಿದ್ದರು. ನಂಬದವರು ಆ ಮೆಟ್ಟಿಲನ್ನೇ ಕೇಳಬಹುದು.

ದೂರು ತಂದವರು ಡಾ. ವಿನುತಾ, ಕಡಲಪಾಚಿಯಿಂದ ಔಷಧದ ಅಂಶ ತೆಗೆಯುವ ಸಂಶೋಧಕಿ. ಆರು ವರ್ಷ ಅರ್ಧ ಅರಬ್ಬೀ ಸಮುದ್ರವನ್ನೇ ಸೋಸಿ ಅವರು ಪಡೆದದ್ದು ಗೇಣುದ್ದದ ಒಂದು ಕಂದು ಬಾಟಲಿ. ಅದು ಪ್ರಯೋಗಾಲಯದ ಫ್ರೀಜರಿನಿಂದ ಮಾಯವಾಗಿತ್ತು.

"ಆರು ವರ್ಷ ಹೋದರೆ ಹೋಗಲಿ ಸರ್," ಅಂದರು ವಿನುತಾ. "ಅದನ್ನು ಮೆಥನಾಲ್‌ನಲ್ಲಿ ಕರಗಿಸಿಟ್ಟಿದ್ದೆ. ಔಷಧವೆಂದು ಯಾರಾದರೂ ಕುಡಿದರೆ ಜೀವ ಉಳಿಯುವುದಿಲ್ಲ."

ಎಫ್‌ಐಆರ್ ದಾಖಲಾಯಿತು. 2.50ಕ್ಕೆ ಪ್ರಯೋಗಾಲಯದಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ. ಬೀಗ ಒಡೆದಿರಲಿಲ್ಲ. ಬಾಟಲಿಯಿದ್ದ ಜಾಗದಲ್ಲಿ ಎರಡು ವೀಳ್ಯದೆಲೆ, ಒಂದು ಅಡಿಕೆ, ಒಂದು ತೆಂಗಿನಕಾಯಿ. ಆ ಕಾಯಿ ಎಷ್ಟು ಹೆಪ್ಪುಗಟ್ಟಿತ್ತೆಂದರೆ ಎಸೆದರೆ ಹಡಗಿಗೇ ತೂತು ಬೀಳುತ್ತಿತ್ತು. ಹೆಡ್ ಕಾನ್‌ಸ್ಟೆಬಲ್ ಮಂಗೇಶ ಇದು ಮಾಟವೇ ಸೈ ಎಂದು ಬಾಗಿಲಾಚೆ ಹೋಗಿ ನಿಂತ.

ಅಂಕೋಲೆಯ ಕಾನ್‌ಸ್ಟೆಬಲ್ ಯಶೋದಾ ಮಾತ್ರ ಕಾಯಿಯನ್ನೇ ನೋಡುತ್ತಿದ್ದಳು.

"ಮಾಟ ಅಲ್ಲ ಸರ್. ನಮ್ಮ ಬದಿಗೆ ಮದ್ದಿನ ಬೇರು ಕಿತ್ರೆ ಬುಡಕ್ಕೆ ಕಾಯಿ, ಎಲೆ-ಅಡಕೆ ಇಟ್ಟು ಬರೂದು. ಸುಮ್ನೆ ತಂದ್ರೆ ಮದ್ದು ಹತ್ತೂದಿಲ್ಲ."

"ಕುಡಿಸುವುದು ಯಾವಾಗ?"

"ಆಯ್ತವಾರ. ಹೊತ್ತು ಹುಟ್ಟೂಕೆ ಮೊದ್ಲು, ಖಾಲಿ ಹೊಟ್ಟಿಗೆ."

ಮರುದಿನವೇ ಭಾನುವಾರ. ಬೀಗದ ಕೈ ಇನ್ನು ಯಾರ ಬಳಿ ಇದೆ ಎಂದು ರಾಮನಾಥರು ಕೇಳಿದರು. ವಿನುತಾ ಹಣೆ ಒತ್ತಿಕೊಂಡರು. ಇನ್ನೊಂದು ಬೀಗದ ಕೈ ಇದ್ದದ್ದು ಇಳಿತದ ಹೊತ್ತಿಗೆ ಬಂಡೆಗಳಿಂದ ಪಾಚಿ ಕಿತ್ತು ತರುವ ಹುಲಿಯಾನ ಬಳಿ. ಸತ್ತಂತಿದ್ದ ನರಕೋಶಗಳು ಈ ಅಂಶ ಬಿದ್ದ ಮೇಲೆ ಚಿಗುರಿದ್ದನ್ನು ಕಳೆದ ವಾರ ಅವರೇ ಅವನಿಗೆ ತೋರಿಸಿದ್ದರು. ಹೋದ ಮಾತು ಇದರಿಂದ ಬರುತ್ತದೆಯೇ ಎಂದು ಅವನು ಕೇಳಿದ್ದ. ಬಂದರೂ ಬಂದೀತು ಎಂದು ಅವರು ನಕ್ಕಿದ್ದರು. ಅವನ ಹೆಂಡತಿ ಮಂಜಿಗೆ ಎರಡು ವರ್ಷದ ಹಿಂದೆ ಲಕ್ವ ಹೊಡೆದು ಮಾತು ನಿಂತಿತ್ತು.

ವಿನುತಾರನ್ನೂ ಕೂರಿಸಿಕೊಂಡು ಜೀಪು ಹೊರಟಿತು. ಮಂಗೇಶ ಅದನ್ನು ಹೇಗೆ ಓಡಿಸಿದನೆಂದರೆ ಹೆದ್ದಾರಿಯ ಮೈಲಿಗಲ್ಲುಗಳೇ ಬದಿಗೆ ಸರಿದು ದಾರಿ ಬಿಟ್ಟವು. 4.35ಕ್ಕೆ ಬಾಳೆಗುಳಿ ದಾಟಿ ಒಳದಾರಿಯಲ್ಲಿ ಹುಲಿಯಾನ ಮನೆ. ಅವನು ಜಗಲಿಯಲ್ಲಿ ಕುಳಿತು ಹೆಂಡತಿಯ ತಲೆ ಬಾಚುತ್ತಿದ್ದ. ಪೊಲೀಸರನ್ನು ಕಂಡೂ ಓಡಲಿಲ್ಲ.

"ಬಾಟಲಿ ಎಲ್ಲಿ?"

"ಒಳಗದೆ. ನಾಳಿಗೆ ಕೊಡ್ತೆ ಒಡ್ಯಾ."

"ಈಗಲೇ ಕೊಡು."

"ಇವತ್ತು ಶನಿವಾರ ಅಲ್ವಾ."

ವಿನುತಾ ಅವನ ಎದುರು ಕುಕ್ಕರುಗಾಲಲ್ಲಿ ಕುಳಿತು, ಅದರಲ್ಲಿರುವುದು ವಿಷ, ಕುಡಿಸಿದ್ದರೆ ಮಂಜಿ ನಾಳೆ ಸಂಜೆಗೆ ಇರುತ್ತಿರಲಿಲ್ಲ ಎಂದು ಬಿಡಿಸಿ ಹೇಳಿದರು. ಹುಲಿಯಾನ ಕೈಯಿಂದ ಬಾಚಣಿಗೆ ಜಾರಿತು. ಅವನು ಒಳಗೆ ಹೋಗಿ, ತಣ್ಣೀರಿನ ಮಡಕೆಯಲ್ಲಿಟ್ಟಿದ್ದ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಮುಚ್ಚಳದ ಮೇಲಿನ ಪಟ್ಟಿ ಹರಿದಿರಲಿಲ್ಲ. 5.10ಕ್ಕೆ ಜಪ್ತಿ, 5.20ಕ್ಕೆ ಬಂಧನ. ಪಕ್ಕದ ಮನೆಯ ಬೊಮ್ಮಿ ಬಂದು ಮಂಜಿಯ ಬಳಿ ಕುಳಿತಳು.

ಯಾಕೆ ಕದ್ದೆ ಎಂದು ರಾಮನಾಥರು ಕೇಳಲೇಬೇಕಿತ್ತು. ವರದಿಗೆ ಉದ್ದೇಶ ಬೇಕು.

"ನಮ್ಮ ಮಂಜಿ ದಿನಾ ಬೈತಿತ್ತು ಒಡ್ಯಾ. ಮೀನು ಸಣ್ಣದು ತಂದ್ರೆ ಬೈತಿತ್ತು, ದೊಡ್ಡದು ತಂದ್ರೂ ಬೈತಿತ್ತು. ಎರಡ್ ವರ್ಸ ಆತು. ಒಂದ್ಸಲ ಬೈಸ್ಕಳ್ವಾ ಅಂತ."

ಸಾವಿರ ಕಳ್ಳರನ್ನು ಒಂದೇ ಗದರಿಕೆಗೆ ಅಳುವಂತೆ ಮಾಡಿದ್ದ ರಾಮನಾಥರು ಬೇಡಿಯನ್ನು ಜೀಪಿನಲ್ಲೇ ಬಿಟ್ಟರು. ಕಾರವಾರದ ದಾರಿಯಲ್ಲಿ ಹುಲಿಯಾ ವಿನುತಾರ ಕಡೆ ತಿರುಗಿದ.

"ಅಕ್ಕೋರೆ," ಎಂದ. "ಅದು ಕುಡಿಯೂ ಮದ್ದು ಆಗೂಕೆ ಎಷ್ಟ್ ವರ್ಸ ಬೇಕು?"

"ಹತ್ತಾದರೂ ಬೇಕು. ಆಗದೆಯೂ ಹೋಗಬಹುದು."

ಅವನು ಬೆರಳು ಮಡಚುತ್ತ ಏನೋ ಲೆಕ್ಕ ಹಾಕಿದ.

"ಪಾಚಿ ಕೀಳೂಕೆ ಬೇರೆಯವ್ರನ್ನ ಇಟ್ಕಣಬೇಡಿ. ಬಂಡೆ ಜಾರ್ತದೆ, ಅವ್ರಿಗೆ ಗೊತ್ತಾಗೂದಿಲ್ಲ. ನಾ ಹೊರಗ್ ಬಂದು ಬೇಗ್ ಬೇಗ ಕಿತ್ತು ಕೊಡ್ತೆ."