ಬೆಂಕಿ ಕಾವಲಿನ ಒಂದು ತಾಸು

ಮೊದಲ ಭೇಟಿಯಲ್ಲೇ ಸುರೇಖಾ ಅವನ ಕೈಯಿಂದ ನೀರಿನ ಬಾಟಲಿ ಕಿತ್ತುಕೊಂಡಳು. ಅದೂ ಮೇ ತಿಂಗಳ ನಡುಮಧ್ಯಾಹ್ನ, ಕುಷ್ಟಗಿ ಕಡೆಯ ಬಿಸಿಲು ಹೊರಗೆ ಸುಡುತ್ತಿರುವಾಗ, ಅವನು ಮುಚ್ಚಳ ತೆಗೆದು ಬಾಯಿಗೆ ಎತ್ತುವ ಹೊತ್ತಿಗೆ ಸರಿಯಾಗಿ.

"ಈ ಹಾಲ್ ಒಳಗ ನೀರು ತರಂಗಿಲ್ರಿ," ಎಂದಳು.

ಗವಿಸಿದ್ದೇಶ ಖಾಲಿ ಕೈಯನ್ನೊಮ್ಮೆ ನೋಡಿಕೊಂಡ, ಅವಳನ್ನೊಮ್ಮೆ ನೋಡಿದ. "ಯಲಬುರ್ಗಾ ತಾಲೂಕಿನ ನಮ್ಮ ಮಂಗಳೂರಾಗ ವೈರಿ ಬಂದ್ರೂ ಮೊದಲು ನೀರು ಕೊಟ್ಟು, ಆಮ್ಯಾಲೆ ಜಗಳಾ ತಗೀತಾರ. ನಿಮ್ಮದು ಯಾವೂರ್ರಿ ಮೇಡಂ?"

"ಸಿದ್ದಾಪುರ."

"ಹಂಗನ್ರಿ. ಕಾಲುವಿ ಊರಿನವ್ರು. ನೀರಡಿಕಿ ಅಂದ್ರ ಏನು ಅಂತ ನಿಮಗ ಹೆಂಗ ಗೊತ್ತಾಗಬೇಕು?"

ಅವಳು ಬಾಟಲಿಯನ್ನು ಹೊರಗಿನ ಕಟ್ಟೆಯ ಮೇಲಿಟ್ಟು ಬಂದಳು. ಅಲ್ಲಿ ಕಟ್ಟುತ್ತಿದ್ದದ್ದು ಹೊಸ ಬಗೆಯ ಅಣು ರಿಯಾಕ್ಟರ್. ಅದನ್ನು ತಂಪಾಗಿಡುವುದು ನೀರಲ್ಲ, ಕರಗಿಸಿದ ಸೋಡಿಯಂ ಲೋಹ. ನೀರು ತಾಗಿದರೆ ಸಾಕು, ಸೋಡಿಯಂ ಹೊತ್ತಿಕೊಳ್ಳುತ್ತದೆ. ಅದರ ಡ್ರಮ್ಮುಗಳು ಗೋಡೆಯ ಆಚೆಗೇ ಇದ್ದವು. ಬೆಂಕಿ ಸುರಕ್ಷತೆಯ ಎಂಜಿನಿಯರ್ ಆಗಿ ಬಂದ ಸುರೇಖಾಗೆ ಬೆಂಕಿ ಆರಿಸುವುದಕ್ಕಿಂತ ಹುಟ್ಟದ ಹಾಗೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಪೈಪುಗಳ ವೆಲ್ಡಿಂಗ್ ಉಸ್ತುವಾರಿಯ ಗವಿಸಿದ್ದೇಶನಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಮರೆಯುತ್ತಾನಲ್ಲ ಎಂಬುದೇ ಅವಳ ಮೈ ಉರಿಸುತ್ತಿತ್ತು.

ಅಂದಿನಿಂದ ಇಬ್ಬರೂ ಎಣ್ಣೆ ಸೀಗೆಕಾಯಿ. ಅವನ ಕೆಲಸವನ್ನು ಅವಳು ಅರ್ಧಕ್ಕೇ ನಿಲ್ಲಿಸುವಳು. "ಆ ಮೇಡಂ ಮನ್ಯಾಗ ಒಲಿ ಹಚ್ಚಾಕೂ ಪರ್ಮಿಟ್ ಬೇಕು," ಎಂದು ಅವನು ಕ್ಯಾಂಟೀನಿನಲ್ಲಿ ನಗಿಸುವನು. ಆ ಮಾತು ಕಿವಿಗೆ ಬಿದ್ದ ದಿನ ಅವಳು ನೇರ ಅವನ ತಟ್ಟೆಯ ಎದುರಿಗೇ ಹೋಗಿ ನಿಂತಳು.

"ವೆಲ್ಡಿಂಗ್ ಮುಗಿದ ಮ್ಯಾಲೆ ಒಂದು ತಾಸು ಬೆಂಕಿ ಕಾವಲು ಕುಂದ್ರಬೇಕು. ನಿನ್ನೆ ನಿಮ್ಮ ಮಂದಿ ಎಷ್ಟೊತ್ತು ಕುಂತ್ರು?"

ರೊಟ್ಟಿ ಮುರಿಯುತ್ತಿದ್ದ ಅವನ ಕೈ ನಿಂತಿತು. "ಪಾಪ, ದಣಿದಿದ್ರು. ನಾನೇ ಲಗೂನ ಕಳಿಸಿದೆ."

"ಹಂಗಾದ್ರ ನಾಳೆಯಿಂದ ನೀವ ಕುಂದರ್ರಿ. ನಿಮ್ಮನ್ನ ನಂಬಂಗಿಲ್ಲ, ಅದಕ್ಕ ಸಂಗಾಟ ನಾನೂ ಕುಂದರ್ತೀನಿ."

ಎಲ್ಲೋ ಬಿದ್ದ ಕಿಡಿಯೊಂದು ತಣ್ಣಗೆ ಕುಳಿತು ಆಮೇಲೆ ಎದ್ದೀತು ಎಂದು ಕಾಯುವುದೇ ಈ ಕಾವಲು. ಅಟ್ಟಣಿಗೆಯ ಹಲಗೆಯ ಮೇಲೆ ಕೂತು ಮೇಲಿನ ಪೈಪುಗಳನ್ನು ನೋಡುವುದು ಅವನ ಪಾಲು, ಕೆಳಗೆ ಕೂತು ನೆಲದ ಕಡೆ ನೋಡುವುದು ಅವಳ ಪಾಲು. ಕಣ್ಣು ಕದಲುವಂತಿಲ್ಲ. ಹೀಗಾಗಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಜಗಳವಾಡುವುದನ್ನು ಕಲಿತರು. ಕಲಿತದ್ದು ಇಬ್ಬರಿಗೂ ಚೆನ್ನಾಗಿ ಹಿಡಿಸಿತು, ಒಪ್ಪಿಕೊಳ್ಳಲು ಮಾತ್ರ ಇಬ್ಬರೂ ತಯಾರಿರಲಿಲ್ಲ.

"ನಿಮ್ಮನ್ನ ಕಟಗೊಳ್ಳಾಂವ ಪಾಪ, ಬೀಡಿ, ಕಡ್ಡಿಪೆಟಗಿ ಎಲ್ಲಾ ಹೊಸ್ತಿಲ ಹೊರಗ ಇಟ್ಟು ಒಳಗ ಬರಬೇಕಾಗ್ತೈತಿ."

"ಬೀಡಿ ಸೇದಾಂವನ್ನ ನಾ ಕಟಗೊಳ್ಳಂಗಿಲ್ರಿ."

"ನಾ ಸೇದಂಗಿಲ್ಲ."

"ನಿಮ್ಮನ್ನ ಯಾರು ಕೇಳಿದ್ರು?"

ಸುರೇಖಾ ನೆಲ ನೋಡುತ್ತಲೇ ಬಿಸಿಯಾದ ಕೆನ್ನೆಯನ್ನು ಒರೆಸಿಕೊಂಡಳು.

ಮುಂದಿನ ವಾರ ಒಂದು ಬೆಳಿಗ್ಗೆ, ಎಲ್ಲಿಯೋ ಬಿದ್ದಿದ್ದ ಎಣ್ಣೆಬಟ್ಟೆ ಕಂಡು, ಅವನ ವೆಲ್ಡರ್‌ಗಳ ಎದುರಿಗೇ ಅವಳು ಅವನನ್ನು ಬಯ್ದಳು. "ನಿಮ್ಮ ಕೈಗೆ ಕಡ್ಡಿಪೆಟಗಿ ಕೊಡಾಕೂ ಅಂಜಿಕಿ ಬರ್ತೈತಿ," ಎಂದಳು. ಅಂದು ಸಂಜೆ ಕಾವಲಿಗೆ ಕೂತವನು ತುಟಿ ಬಿಚ್ಚಲಿಲ್ಲ.

ಅವಳು ಕಾದಳು. ಕೆಮ್ಮಿದಳು. ಮೇಲಿನಿಂದ ಒಂದು ಚುಚ್ಚುಮಾತೂ ಬರಲಿಲ್ಲ. ಕೊನೆಗೆ ತಲೆ ಎತ್ತಿದಳು.

ಅವನು ಪೈಪಿಗೆ ಕಣ್ಣು ಅಂಟಿಸಿ ಕೂತಿದ್ದ. ಹಣೆಯ ಮಸಿಯ ನಡುವೆ ಬೆವರು ಒಂದೇ ದಾರಿ ಹಿಡಿದು ಕಿವಿಯ ಹತ್ತಿರ ಇಳಿದಿತ್ತು. ಆ ರೆಪ್ಪೆಗಳು ಅಷ್ಟು ಉದ್ದ ಎಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. ಇವನು ಜಗಳವಾಡದಿದ್ದರೆ ತನಗೆ ಜೀವ ನಿಲ್ಲುವುದಿಲ್ಲ ಎಂಬುದೂ ಆಗಲೇ ತಿಳಿಯಿತು. ತಿಳಿದದ್ದಕ್ಕೆ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು. ಸಿಟ್ಟಿನಲ್ಲಿಯೇ ನೋಡುತ್ತ ಕೂತಳು.

ಸುಟ್ಟ ವಾಸನೆ ಮೂಗಿಗೆ ಬಡಿದಾಗ ತಡವಾಗಿತ್ತು. ಅವಳ ಕಡೆಯ ಮೂಲೆಯಲ್ಲಿ, ಗೋಡೆಗೆ ಒರಗಿಸಿದ್ದ, ಸಾಮಾನು ಮುಚ್ಚುವ ಪ್ಲಾಸ್ಟಿಕ್ ತಾಡಪಾಲಕ್ಕೆ ಬೆಂಕಿ ಹತ್ತಿತ್ತು. ಆ ಗೋಡೆಯ ಆಚೆಗೇ ಸೋಡಿಯಂ. ಗವಿಸಿದ್ದೇಶ ಮೇಲಿನಿಂದ ಜಿಗಿದವನೇ ಬರಿಗೈಯಲ್ಲಿ ತಾಡಪಾಲ ಎಳೆದು ಬಯಲಿಗೆ ತಂದ. ಸುರೇಖಾ ಅದರ ಮೇಲೆ ಒಣ ಪುಡಿಯ ಸಿಲಿಂಡರನ್ನು ಪೂರ್ತಿ ಖಾಲಿ ಮಾಡಿದಳು. ಬೆಂಕಿ ಆರಿತು. ಇಬ್ಬರೂ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಬೆಳ್ಳಗಾಗಿ ನಿಂತರು.

"ಕೈ ತೋರಸ್ರಿ," ಎಂದಳು.

"ಬ್ಯಾಡ."

"ತೋರಸ್ರಿ ಅಂದ್ನೆಲ್ಲ."

ಬೊಬ್ಬೆ ಎದ್ದ ಅಂಗೈಯನ್ನು ಹಿಡಿದು ಅದರ ಮೇಲಿನ ಪುಡಿಯನ್ನು ಅವಳು ಮೆಲ್ಲಗೆ ಊದಿದಳು.

"ಕೆಳಗಿನ ಬಾಜು ನಂದಿತ್ತು ಅಂತ ನಾಳೆ ಹೇಳ್ತೀನಿ," ಎಂದ ಗವಿಸಿದ್ದೇಶ ಮೆಲ್ಲಗೆ. "ನೀವು ಬಾಯಿ ಬಿಡಬ್ಯಾಡ್ರಿ. ನನಗ ಬ್ಯಾರೆ ಕಡೆ ಕೆಲಸ ಸಿಗ್ತೈತಿ. ಬೆಂಕಿ ಕಾಯೂ ಎಂಜಿನಿಯರೇ ಬೆಂಕಿ ನೋಡಲಿಲ್ಲ ಅಂದ್ರ ನಿಮ್ಮನ್ನ ಯಾವ ರಿಯಾಕ್ಟರಿಗೂ ಬಿಟಗೊಳ್ಳಂಗಿಲ್ಲ."

ಅದು ನಿಜ. ಕಾವಲು ತಪ್ಪಿಸಿದವರಿಗೆ ಗೇಟಿನೊಳಗೆ ಜಾಗವಿಲ್ಲ ಎಂಬ ನಿಯಮವನ್ನು ಕ್ಯಾಂಟೀನಿನ ಆ ಜಗಳದ ಮರುದಿನ ತಂದವಳೂ ಅವಳೇ.

ಮರುದಿನ ತನಿಖೆಗೆ ಸುರಕ್ಷತಾ ವಿಭಾಗದ ಮುಖ್ಯಸ್ಥ ದೇವೇಂದ್ರಪ್ಪ ಕೂತರು. ಗುತ್ತಿಗೆ ಕಂಪನಿಯ ಮ್ಯಾನೇಜರ್ ಫಾರೂಕ, ಪೂರಾ ವೆಲ್ಡಿಂಗ್ ತಂಡ, ಎಲ್ಲರೂ ಇದ್ದರು.

"ಕೆಳಗಿನ ಬಾಜು ನಂದ ಇತ್ರಿ ಸರ್," ಎಂದ ಗವಿಸಿದ್ದೇಶ, ಕಟ್ಟು ಹಾಕಿದ ಕೈಯನ್ನು ಬೆನ್ನಹಿಂದೆ ಮಾಡಿ. "ಒಂದೀಟು ನಿದ್ದಿ ಹತ್ತಿತ್ತು."

ದೇವೇಂದ್ರಪ್ಪ ಅವನ ಗೇಟ್ ಪಾಸಿಗಾಗಿ ಕೈ ಚಾಚಿದರು.

ಸುಮ್ಮನಿದ್ದರೆ ಸಾಕಿತ್ತು. ಸುರೇಖಾಗೆ ಸುಮ್ಮನಿರಲು ಬರಲಿಲ್ಲ.

"ಸುಳ್ಳು ಸರ್. ಕೆಳಗಿನ ಬಾಜು ನಂದು. ಇವ್ರು ತಮ್ಮ ಕಡೆಯಿಂದ ಕಣ್ಣು ಸರಿಸಿಲ್ಲ."

"ಮತ್ತ ನೀವು ಎತ್ತಾಗ ನೋಡಾಕತ್ತಿದ್ರಿ?"

ತಲೆ ಸುತ್ತಿತು ಎನ್ನಬಹುದಿತ್ತು. ಫೋನ್ ಬಂತು ಎನ್ನಬಹುದಿತ್ತು. ಅಂಥ ನೆಪ ಹೇಳಿದವರಿಗೆಲ್ಲ ಇದೇ ಕೋಣೆಯಲ್ಲಿ ಅವಳು ನೀರಿಳಿಸಿದ್ದಳು.

"ಇವ್ರ ಮುಖಾ ನೋಡಾಕತ್ತಿದ್ದೆ ಸರ್."

ದೇವೇಂದ್ರಪ್ಪ ಪೆನ್ನು ಕೆಳಗಿಟ್ಟರು.

"ಯಾಕ?"

"ಅದು ತನಿಖಿಗೆ ಬರಂಗಿಲ್ರಿ."

ಫಾರೂಕ ಕಿಟಕಿಯ ಕಡೆ ತಿರುಗಿ ಕೆಮ್ಮಿದ. ದೇವೇಂದ್ರಪ್ಪ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಸುರೇಖಾಳ ಪಾಸ್ ಇಸಿದುಕೊಂಡರು. ಆರು ತಿಂಗಳು ಅವಳು ರಿಯಾಕ್ಟರಿನ ಕಡೆ ಸುಳಿಯುವಂತಿಲ್ಲ, ಗೇಟಿನ ಹೊರಗಿನ ಆಫೀಸಿನಲ್ಲಿ ನಕ್ಷೆ ನೋಡಿಕೊಂಡಿರಬೇಕು. ಆಮೇಲೂ ಇವರಿಬ್ಬರನ್ನು ಒಟ್ಟಿಗೆ ಕಾವಲಿಗೆ ಕೂರಿಸಬಾರದು ಎಂದೂ ಹೇಳಿದರು.

ಅವಳು ಗೇಟು ದಾಟುತ್ತಿದ್ದಂತೆ ಗವಿಸಿದ್ದೇಶ ಬಿರಬಿರನೆ ಹಿಂದೆ ಬಂದ. ಮುಖ ಕೆಂಪಾಗಿತ್ತು.

"ನಿಮಗ ತಲಿ ಕೆಟ್ಟೈತೇನ್ರಿ? ನಾ ಹೊರಗ ಹೋಗಿದ್ರ ಮುಗೀತಿತ್ತು."

"ನನ್ನ ತಪ್ಪಿಗೆ ನೀವು ಯಾಕ ಹೋಗ್ಬೇಕು?"

"ಆ ಮಾತು ಇರಲಿ. ದೇವೇಂದ್ರಪ್ಪ ಸರ್ ಮುಂದ ಹೇಳಿದ್ರಿ, ಫಾರೂಕನ ಮುಂದ ಹೇಳಿದ್ರಿ, ನನ್ನ ವೆಲ್ಡರ್‌ಗಳ ಮುಂದೆಲ್ಲಾ ಹೇಳಿದ್ರಿ. ನನಗೊಬ್ಬಾಂವಗ ಹೇಳಿಲ್ಲ."

ಸುರೇಖಾ ನಿಂತಳು.

"ನಿಮ್ಮನ್ನ ನೋಡ್ಬೇಕು ಅನಸ್ತು, ನೋಡಿದೆ," ಎಂದಳು. "ದಿನಾ ನೋಡ್ಬೇಕು ಅನಸ್ತೈತಿ. ನೀವು ಜಗಳಾ ಆಡಿದ್ರೂ ಅಷ್ಟ, ಆಡದಿದ್ರೂ ಅಷ್ಟ. ಸಾಕೇನ್ರಿ?"

ಅವನ ಸಿಟ್ಟಿಗೆ ನಿಲ್ಲಲು ಜಾಗ ಉಳಿಯಲಿಲ್ಲ. ಕಟ್ಟು ಹಾಕಿದ ಕೈಯಿಂದಲೇ ಮುಖ ಒರೆಸಿಕೊಂಡ.

"ನಾ ಆ ಪೈಪಿನಿಂದ ಯಾಕ ಕಣ್ಣು ತಗೀಲಿಲ್ಲ, ಗೊತ್ತೇನ್ರಿ?" ಎಂದ. "ಒಂದ ಸರ್ತಿ ಕೆಳಗ ನೋಡಿದ್ರ, ಆಮ್ಯಾಲೆ ಮ್ಯಾಲೆ ನೋಡಾಕ ಆಗ್ತಿದ್ದಿಲ್ಲ."

ಸುರೇಖಾ ಬಯ್ಯಲೆಂದು ಬಾಯಿ ತೆರೆದಳು, ನಗು ಬಂತು. ಅವನೆದುರು ಅವಳು ನಕ್ಕದ್ದು ಅದೇ ಮೊದಲು.